ಎರಡನೇ ಕೆಲಸಕ್ಕೆ ಊರು ನೋಡು

ನೀನು ಕೇಳಿದ್ದು ಇಷ್ಟು: "ಅಕ್ಕಾ, ಜರ್ಮನಿಯಿಂದ ಎರಡು ಆಫರ್ ಬಂದಿವೆ. ಒಂದು ಬರ್ಲಿನ್‌ನಲ್ಲಿ. ಇನ್ನೊಂದು ಬವೇರಿಯಾದ ಸಣ್ಣ ಊರಿನಲ್ಲಿ, ಅಲ್ಲಿ ಸಂಬಳ ಜಾಸ್ತಿ, ಬಾಡಿಗೆ ಕಡಿಮೆ. ಸ್ನೇಹಿತರು ಮ್ಯೂನಿಕ್ ಸಿಗುವವರೆಗೆ ಕಾಯಿ ಅಂತಾರೆ. ಯಾವ ಊರಿಗೆ ಹೋಗಲಿ?"

ನಾನು ಇಲ್ಲಿಗೆ ಬಂದು 11 ವರ್ಷವಾಯಿತು. ನೋಡಪ್ಪಾ, ಬರುವವರೆಲ್ಲ ಕೈಯಲ್ಲಿರುವ ಕೆಲಸ ನೋಡಿ ಊರು ಆರಿಸುತ್ತಾರೆ. ನೀನು ಅದರ ನಂತರದ ಕೆಲಸ ನೋಡಿ ಆರಿಸು. ಈ ಕೆಲಸ ಹೋದರೆ, ಇಲ್ಲವೇ ನಿನಗೇ ಬೇಡ ಅನ್ನಿಸಿದರೆ, ಮನೆ ಖಾಲಿ ಮಾಡದೆ ಇನ್ನೊಂದು ಕಡೆ ಸೇರಿಕೊಳ್ಳಲು ಆಗುತ್ತಾ? ನನಗೆ ಮುಖ್ಯ ಅನ್ನಿಸುವುದು ಇದೊಂದೇ.

ನಾನೂ ಮೊದಲು ಬಂದದ್ದು ಸಣ್ಣ ಊರಿಗೇ. ನನ್ನಂಥವರಿಗೆ ಕೆಲಸ ಕೊಡುವ ಕಂಪನಿ ಅಲ್ಲಿ ಇದ್ದದ್ದು ಒಂದೇ. ಬಾಡಿಗೆ ಅಗ್ಗ, ಕಿಟಕಿ ತೆರೆದರೆ ಹೊಳೆ. ಆದರೆ ಮನೆಯ ಬೀಗದ ಕೈ ಸಿಕ್ಕಿ ಒಳಗೆ ಹೋದರೆ ಅಡುಗೆಮನೆ ಬರೀ ಖಾಲಿ ಕೋಣೆ. ಗೋಡೆಯಿಂದ ಎರಡು ನೀರಿನ ಪೈಪು, ಒಂದು ದಪ್ಪ ವೈರು ಹೊರಗೆ ಚಾಚಿದ್ದವು. ಸಿಂಕ್ ಇಲ್ಲ, ಒಲೆ ಇಲ್ಲ, ಕಪಾಟಿಲ್ಲ. ಇಲ್ಲಿ ಬಹಳಷ್ಟು ಬಾಡಿಗೆ ಮನೆಗಳು ಹೀಗೇ. ಎಲ್ಲವನ್ನೂ ನಾವೇ ಹಾಕಿಸಿಕೊಳ್ಳಬೇಕು. ಮೂರು ವಾರ ನೆಲದ ಮೇಲೆ ಇಂಡಕ್ಷನ್ ಒಲೆ ಇಟ್ಟು ಅನ್ನ ಸಾರು ಮಾಡಿದೆ, ಪಾತ್ರೆಗಳನ್ನು ಬಚ್ಚಲಲ್ಲಿ ತೊಳೆದೆ. ಆಮೇಲೆ ಇದ್ದ ಉಳಿತಾಯವನ್ನೆಲ್ಲ ಹಾಕಿ ಸಿಂಕು, ಒಲೆ ಕೂರಿಸಿದೆ. ಐದನೇ ತಿಂಗಳಲ್ಲಿ ನಮ್ಮ ಪ್ರಾಜೆಕ್ಟ್ ನಿಂತಿತು. ನನ್ನ ಕೆಲಸವೂ ಹೋಯಿತು.

ಇಲ್ಲಿನ ಕಾನೂನು ಆಗ ನನಗೆ ಅರ್ಥವಾಯಿತು. ಪ್ರೊಬೇಷನ್ ಸಾಮಾನ್ಯವಾಗಿ 6 ತಿಂಗಳು ಇರುತ್ತದೆ. ಅಷ್ಟರೊಳಗೆ 2 ವಾರದ ನೋಟಿಸ್ ಕೊಟ್ಟು ಕಳಿಸಬಹುದು. ಆದರೆ ಬಾಡಿಗೆ ಮನೆ ಬಿಡಲು ನೀನು 3 ತಿಂಗಳ ನೋಟಿಸ್ ಕೊಡಬೇಕು. ಡೆಪಾಸಿಟ್ 3 ತಿಂಗಳ ಬಾಡಿಗೆಯವರೆಗೂ ಇರುತ್ತದೆ, ಅದು ಕೈಗೆ ಬರುವುದು ನಿಧಾನ. ಮೇಲಿಂದ ವೀಸಾದ ಚಿಂತೆ ಬೇರೆ. ನಾನು ಸ್ವಲ್ಪ ಕಾಲ ಎರಡು ಊರಿನಲ್ಲಿ ಬಾಡಿಗೆ ಕಟ್ಟಿದೆ. ಕೂರಿಸಿದ ಅಡುಗೆಮನೆಯನ್ನು ಹೊಸ ಬಾಡಿಗೆದಾರರಿಗೆ ಸಿಕ್ಕಿದ ಬೆಲೆಗೆ ಬಿಟ್ಟೆ. ಸಣ್ಣ ಊರಿನಲ್ಲಿ ಉಳಿಸಿದ್ದೆಲ್ಲ ಹಾಗೆ ಕರಗಿತು.

ಮುಂದಿನ ಕೆಲಸ ವಾಲ್ಡಾರ್ಫ್ ಕಡೆ ಸಿಕ್ಕಿತು, ಸ್ಯಾಪ್ ಅನ್ನುವ ದೊಡ್ಡ ಸಾಫ್ಟ್‌ವೇರ್ ಕಂಪನಿ ಇರುವ ಊರು. ಮನೆಯನ್ನು ಮಾತ್ರ ಮ್ಯಾನ್‌ಹೈಮ್‌ನಲ್ಲಿ ಮಾಡಿದೆ. ಈ ಪೇಟೆಯ ಹಳೆಯ ಭಾಗದಲ್ಲಿ ಬಹುತೇಕ ಬೀದಿಗಳಿಗೆ ಹೆಸರೇ ಇಲ್ಲ. ಚದುರಂಗದ ಮನೆಗಳ ಹಾಗೆ ಒಂದೊಂದು ಚೌಕಕ್ಕೂ ಒಂದು ಅಕ್ಷರ, ಒಂದು ಸಂಖ್ಯೆ. ವಿಳಾಸ ಬರೆದು ಕಳಿಸಿದರೆ, "ಬೀದಿ ಹೆಸರು ಬರೆಯೋದನ್ನೇ ಮರೆತಿದ್ದೀಯ" ಅಂತ ಅಮ್ಮ ಫೋನ್ ಮಾಡಿದ್ದರು. ಅಲ್ಲಿಂದ ಈಚೆಗೆ ಎರಡು ಸಲ ಕೆಲಸ ಬದಲಿಸಿದ್ದೇನೆ. ಒಮ್ಮೆ ರೈನ್ ನದಿಯ ಆಚೆ ದಡದ ಲುಡ್ವಿಗ್ಸ್‌ಹಾಫನ್‌ಗೆ ಹೋದೆ. ಈಗ ಫ್ರಾಂಕ್‌ಫರ್ಟ್‌ಗೆ ಹೋಗುತ್ತೇನೆ, ವೇಗದ ರೈಲಿನಲ್ಲಿ ಸುಮಾರು 40 ನಿಮಿಷ. ಮನೆ ಅದೇ, ಒಲೆಯೂ ಅದೇ.

ಇನ್ನು ನಿನ್ನ ಆಫರ್‌ಗಳು. ಬರ್ಲಿನ್‌ನಲ್ಲಿ ಮನೆ ಸಿಗುವುದು ತುಂಬಾ ಕಷ್ಟ. ಡಿಸೆಂಬರ್‌ನಲ್ಲಿ 4 ಗಂಟೆಯೊಳಗೆ ಸೂರ್ಯ ಮುಳುಗುತ್ತಾನೆ, ಮೊದಲ ಚಳಿಗಾಲದಲ್ಲಿ ಮನಸ್ಸಿಗೆ ಭಾರವಾಗುತ್ತದೆ. ಸ್ಟಾರ್ಟಪ್‌ಗಳು ಮುಚ್ಚುವುದೂ ಉಂಟು. ಆದರೆ ಇಂಗ್ಲಿಷ್‌ನಲ್ಲೇ ಕೆಲಸ ನಡೆಯುವ ಆಫೀಸುಗಳು ಅಲ್ಲಿ ಜಾಸ್ತಿ. ಒಂದು ಬಾಗಿಲು ಮುಚ್ಚಿದರೆ ಅದೇ ಮೆಟ್ರೊ ಲೈನಿನಲ್ಲಿ ಇನ್ನೊಂದು ಇರುತ್ತದೆ.

ಮ್ಯೂನಿಕ್ ಒಳ್ಳೆಯ ಊರೇ. ಬಿಎಂಡಬ್ಲ್ಯು, ಸೀಮೆನ್ಸ್, ಅಲಿಯಾನ್ಸ್ ಎಲ್ಲ ಅಲ್ಲಿವೆ. ಬಾಡಿಗೆ ಮಾತ್ರ ದೇಶದಲ್ಲೇ ಹೆಚ್ಚು. ಅದಕ್ಕೋಸ್ಕರ ಸುಮ್ನೆ ಕಾಯಬೇಡ.

ಸಣ್ಣ ಊರನ್ನು ಪೂರ್ತಿ ಬಿಟ್ಟುಬಿಡು ಅಂತಲೂ ನಾನು ಹೇಳುವುದಿಲ್ಲ. ಮ್ಯಾಪ್ ತೆಗೆದು ನೋಡು. ಅಲ್ಲಿಂದ ನ್ಯೂರೆಂಬರ್ಗ್‌ಗೋ ಮ್ಯೂನಿಕ್‌ಗೋ ಲೋಕಲ್ ರೈಲಿನಲ್ಲಿ ಒಂದು ಗಂಟೆಯೊಳಗೆ ಹೋಗಲು ಆಗುತ್ತದಾ? ಆಗುವುದಾದರೆ ಆ ಕೆಲಸ ಒಪ್ಪಿಕೋ, ಮನೆಯನ್ನು ದೊಡ್ಡ ಊರಿನ ಕಡೆಗೇ ಮಾಡು. ಡಾಯ್ಚ್‌ಲಾಂಡ್ ಟಿಕೆಟ್ 2026ರ ಜನವರಿಯಿಂದ ತಿಂಗಳಿಗೆ 63 ಯೂರೊ. ದೇಶದ ಯಾವ ಊರಿನಲ್ಲಾದರೂ ಲೋಕಲ್ ರೈಲು, ಬಸ್ಸು, ಟ್ರಾಮ್ ಹತ್ತಬಹುದು, ವೇಗದ ಐಸಿಇ ರೈಲಿಗೆ ಮಾತ್ರ ಅದು ನಡೆಯುವುದಿಲ್ಲ. ಹತ್ತಿರ ದೊಡ್ಡ ಊರೇ ಇಲ್ಲದಿದ್ದರೆ ಬರ್ಲಿನ್‌ಗೆ ಬಾ.

ಬರ್ಲಿನ್‌ಗೆ ಬಂದರೆ ನನಗೊಂದು ಹೆದರಿಕೆ ಇದೆ. ಅಲ್ಲಿ ಜರ್ಮನ್ ಇಲ್ಲದೆಯೇ ವರ್ಷಗಟ್ಟಲೆ ಕಳೆದುಹೋಗುತ್ತದೆ. ಹಾಗೆ ಮಾಡಿಕೊಳ್ಳಬೇಡ. ಬ್ಲೂ ಕಾರ್ಡ್, ಅಂದರೆ ಓದಿದ ಕೆಲಸಗಾರರಿಗೆ ಕೊಡುವ ವೀಸಾ, ಇದ್ದವರಿಗೆ ಬಿ1 ಅನ್ನುವ ಮಧ್ಯಮ ಮಟ್ಟದ ಜರ್ಮನ್ ಬಂದರೆ 21 ತಿಂಗಳಿಗೆ ಖಾಯಂ ವಾಸದ ಪರವಾನಗಿ ಸಿಗುತ್ತದೆ, ಮೊದಲ ಮೆಟ್ಟಿಲಾದ ಎ1 ಮಾತ್ರ ಇದ್ದರೆ 27 ತಿಂಗಳು. ಅದು ಕೈಗೆ ಬಂದ ದಿನದಿಂದ ಕೆಲಸ ಹೋದರೂ ವೀಸಾ ಹೋಗುತ್ತದೆ ಅನ್ನುವ ಭಯ ಇರುವುದಿಲ್ಲ. ನಾನು ಬಿ1 ಪರೀಕ್ಷೆಗೆ ಓದುವಾಗ ಕಿಟೆಲ್ ಅವರನ್ನು ನೆನೆಸಿಕೊಳ್ಳುತ್ತಿದ್ದೆ. 1853ರಲ್ಲಿ 21ನೇ ವಯಸ್ಸಿಗೆ ಇಲ್ಲಿಂದ ನಮ್ಮ ಕಡೆಗೆ ಬಂದು, ಕನ್ನಡ ಕಲಿತು, 1894ರಲ್ಲಿ ನಿಘಂಟನ್ನೇ ಕೊಟ್ಟರು. ಅವರು ತೀರಿಕೊಂಡ ಟ್ಯೂಬಿಂಗನ್‌ಗೆ ಪರೀಕ್ಷೆ ಪಾಸಾದ ಮೇಲೆ ಹೋಗಿಬಂದೆ. ನೀನು ಟಿಕೆಟ್ ಮಾಡಿಸುವ ಮೊದಲೇ, ಬೆಂಗಳೂರಿನಲ್ಲಿರುವಾಗಲೇ ಕ್ಲಾಸಿಗೆ ಸೇರಿಬಿಡು.

ಇವತ್ತೇ ಒಂದು ಕೆಲಸ ಮಾಡು. ಎರಡೂ ಊರುಗಳ ಹೆಸರು ಹಾಕಿ, ಸುತ್ತ 50 ಕಿಲೋಮೀಟರಿನಲ್ಲಿ ನಿನ್ನ ಅನುಭವಕ್ಕೆ ಹೊಂದುವ ಎಷ್ಟು ಕೆಲಸಗಳು ಖಾಲಿ ಇವೆ ಅಂತ ಎಣಿಸು. ಅದರಲ್ಲಿ ಜರ್ಮನ್ ಕೇಳದಿರುವುದು ಎಷ್ಟು ಅಂತ ಬೇರೆ ಬರೆದಿಡು. ಆಮೇಲೆ ಆಫರ್ ಪತ್ರದಲ್ಲಿ ಪ್ರೊಬೇಷನ್ ಎಷ್ಟು ತಿಂಗಳು, ನೋಟಿಸ್ ಎಷ್ಟು ಅಂತ ಓದಿ ನನಗೆ ತಿಳಿಸು. ಭಾನುವಾರ ಇಲ್ಲಿ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ನಾನು ಮನೆಯಲ್ಲೇ ಇರುತ್ತೇನೆ. ಫೋನ್ ಮಾಡು.