ಓದುಗರ ಪ್ರಶ್ನೆ: ಗಾಜಿನ ಪೆಟ್ಟಿಗೆಯ ಹೊರಗೆ ನಿಂತವರು

ಪ್ರಶ್ನೆ: ನಾನು ಆರು ತಿಂಗಳಿಂದ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕದಲ್ಲಿ ಶುಶ್ರೂಷಕಿಯಾಗಿದ್ದೇನೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಕ್ಕಳನ್ನು ನೋಡಿಕೊಳ್ಳುವುದು ರೂಢಿಯಾಗಿದೆ. ಆದರೆ ಬಾಗಿಲ ಹೊರಗೆ ನಿಂತ ಮನೆಯವರೊಂದಿಗೆ ಹೇಗಿರಬೇಕೆಂಬುದು ತಿಳಿಯುತ್ತಿಲ್ಲ. ಅಜ್ಜಿಯಂದಿರು ಗಂಟೆಗೊಮ್ಮೆ ಬಂದು ‘ಮಗು ಹೇಗಿದೆ ಸಿಸ್ಟರ್?’ ಎನ್ನುತ್ತಾರೆ. ಕೆಲಸದ ಒತ್ತಡದಲ್ಲಿ ಸಿಡುಕುತ್ತೇನೆ, ಮನೆಗೆ ಹೋದ ಮೇಲೆ ನೊಂದುಕೊಳ್ಳುತ್ತೇನೆ. ಅವರಿಗೆ ಏನು ಹೇಳಬೇಕು, ಎಷ್ಟು ಹೇಳಬೇಕು?
– ಹೆಸರು ಬೇಡ, ಕಾರವಾರ

ಉತ್ತರ: ‘ಬಾಗಿಲ ಹೊರಗೆ ನಿಂತ ಮನೆಯವರು’ ಎಂದು ಬರೆದಿದ್ದೀರಿ. ಅವರು ಹೊರಗೆ ನಿಂತಿರುವಷ್ಟು ಕಾಲ ಪ್ರಶ್ನೆಗಳು ನಿಲ್ಲುವುದಿಲ್ಲ. ಕೈ ತೊಳೆದು ಒಳಗೆ ಬಂದು, ಮಗುವಿನ ಪಕ್ಕದಲ್ಲಿ ಕುಳಿತು, ಮಾಡಲು ಒಂದು ಕೆಲಸ ಸಿಕ್ಕಿತೆಂದರೆ ಎಷ್ಟೋ ಪ್ರಶ್ನೆಗಳಿಗೆ ಅವರೇ ಉತ್ತರ ಕಂಡುಕೊಳ್ಳುತ್ತಾರೆ. ತಾಯಿತಂದೆಯರಿಗೆ ಕಲಿಸಿ, ಅವರನ್ನು ಆರೈಕೆಯಲ್ಲಿಯೇ ಸೇರಿಸಿಕೊಳ್ಳಬೇಕೆಂದು 2017ರಲ್ಲಿ ರಾಷ್ಟ್ರೀಯ ಆರೋಗ್ಯ ಅಭಿಯಾನದ ಮಾರ್ಗಸೂಚಿಯೂ ಬಂದಿದೆ. ಆದ್ದರಿಂದ ಮನೆಯವರೊಂದಿಗೆ ಕಳೆಯುವ ಹತ್ತು ನಿಮಿಷವನ್ನು ಕೆಲಸಕ್ಕೆ ಬಂದ ಅಡ್ಡಿಯೆಂದು ಎಣಿಸಬೇಡಿ. ಅದು ಶುಶ್ರೂಷೆಯ ಲೆಕ್ಕಕ್ಕೇ ಸೇರಿದ್ದು.

ನಾನೂ ಶುಶ್ರೂಷಕಿಯಾಗಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಾಡಿದ ಒಂದು ತಪ್ಪನ್ನು ನಿಮಗೆ ಹೇಳಬೇಕು. ಅಂಕೋಲೆ ಕಡೆಯ ಮೀನುಗಾರರ ಮನೆಯ ಹುಡುಗಿ, ಚೊಚ್ಚಲ ಹೆರಿಗೆ, 29 ವಾರಕ್ಕೇ ಆಗಿತ್ತು. ಮಗುವಿನ ತೂಕ 1,100 ಗ್ರಾಂ. ಸಿಸೇರಿಯನ್ ಆದ ಗಾಯದ ನೋವಿನಲ್ಲಿಯೂ ಅರ್ಧ ಗಂಟೆ ಕುಳಿತು ಹಿಂಡಿದ ಹಾಲನ್ನು ಸ್ಟೀಲಿನ ಬಟ್ಟಲಲ್ಲಿ, ಸೆರಗು ಮರೆಮಾಡಿ ತಂದಿದ್ದಳು. ಬಟ್ಟಲಿನ ತಳದಲ್ಲಿ ಹಳದಿ ಬಣ್ಣದ ನಾಲ್ಕು ಹನಿ. ‘ಇಷ್ಟೇನಾ?’ ಎಂದುಬಿಟ್ಟೆ. ಬೈಯುವ ಉದ್ದೇಶ ನನಗಿರಲಿಲ್ಲ, ಆದರೆ ಅವಳು ಮರುದಿನ ಬರಲಿಲ್ಲ. ಹಾಲೇ ಬರುತ್ತಿಲ್ಲವೆಂದು ಅತ್ತೆಯ ಕೈಲಿ ಹೇಳಿ ಕಳಿಸಿದಳು. ಬಾಣಂತಿ ಅಳುಕಿದರೆ, ನೊಂದರೆ ಹಾಲು ಇಳಿಯುವುದು ತಡೆಯುತ್ತದೆ ಎಂಬುದನ್ನು ಓದಿ ಪರೀಕ್ಷೆ ಬರೆದವಳೇ ನಾನು. ಮೂರನೆಯ ದಿನ ವಾರ್ಡಿಗೆ ಹೋಗಿ, ಅವಳ ಮಂಚದ ಪಕ್ಕ ಕುಳಿತು, ತಪ್ಪಾಯಿತೆಂದು ಹೇಳಿದೆ. ಅಷ್ಟು ಸಣ್ಣ ಮಗುವಿಗೆ ಮೊದಲ ದಿನಗಳಲ್ಲಿ ಒಂದು ಹೊತ್ತಿಗೆ ಬೇಕಾಗುವುದೇ ಒಂದೆರಡು ಎಂ.ಎಲ್. ಹಾಲು. ಆಮೇಲಿನ ವರ್ಷಗಳಲ್ಲಿ ಪ್ರತಿ ತಾಯಿಯ ಕಣ್ಣೆದುರಿಗೇ ಹಾಲನ್ನು ಸಿರಿಂಜಿಗೆ ಎಳೆದು, ‘ನೋಡಮ್ಮ, ಈ ಹೊತ್ತಿನ ಊಟ ಪೂರ್ತಿ ಆಯಿತು’ ಎನ್ನುತ್ತಿದ್ದೆ. ಚೀಪುವುದು, ನುಂಗುವುದು, ಉಸಿರಾಡುವುದು ಮೂರೂ ಹೊಂದಿಕೊಂಡು ನಡೆಯುವುದು ಸುಮಾರು 34 ವಾರದ ಹೊತ್ತಿಗಾದ್ದರಿಂದ ಅಲ್ಲಿಯವರೆಗೆ ಹಾಲನ್ನು ನೇರ ಹೊಟ್ಟೆಗೆ ಇಳಿಸುವ ನಳಿಕೆ ಬೇಕೆಂದು ವಿವರಿಸಿ, ಒತ್ತುವ ದಂಡ ತೆಗೆದ ಸಿರಿಂಜನ್ನು ನಳಿಕೆಗೆ ಜೋಡಿಸಿ ಅವಳ ಕೈಗೇ ಕೊಡುತ್ತಿದ್ದೆ. ಸ್ವಲ್ಪ ಎತ್ತರಕ್ಕೆ ಹಿಡಿದುಕೊಂಡರೆ ಹಾಲು ತನ್ನ ಭಾರಕ್ಕೆ ತಾನೇ ನಿಧಾನವಾಗಿ ಇಳಿಯುತ್ತದೆ. ಆ ನಾಲ್ಕೈದು ನಿಮಿಷ ತಾಯಿ ಕಣ್ಣು ಮಿಟುಕಿಸುವುದಿಲ್ಲ.

ಎಷ್ಟು ಹೇಳಬೇಕೆಂದು ಕೇಳಿದ್ದೀರಿ. ‘ಎಲ್ಲ ಸರಿಹೋಗುತ್ತದೆ’ ಎನ್ನುವ ಅಧಿಕಾರ ನಮಗಿಲ್ಲ, ‘ಏನೂ ಹೇಳಲಾಗದು’ ಎಂದು ಬೆನ್ನು ತಿರುಗಿಸುವ ಹಕ್ಕೂ ಇಲ್ಲ. ಇವತ್ತಿನದನ್ನು ಹೇಳಿ: ಎಷ್ಟು ಹಾಲು ಹಿಡಿಯಿತು, ಉಸಿರಾಟ ಹೇಗಿದೆ, ತೂಕ ಎಷ್ಟಾಯಿತು. ಕಾಯಿಲೆಯ ವಿಷಯವನ್ನು ವೈದ್ಯರು ಹೇಳಲಿ, ಆದರೆ ಅವರು ಹೇಳುವಾಗ ನೀವೂ ಪಕ್ಕದಲ್ಲಿರಿ, ಅವರು ಹೋದ ಮೇಲೆ ‘ಏನು ತಿಳಿಯಿತು?’ ಎಂದು ಮನೆಯವರನ್ನು ಕೇಳಿ. ಗಾಬರಿ ಹುಟ್ಟಿಸುವ ಸಂಗತಿಗಳನ್ನಂತೂ ಮುಂಚಿತವಾಗಿಯೇ ತಿಳಿಸಬೇಕು. ಮೊದಲ ವಾರದಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ. ಮಾನಿಟರ್ ಕೂಗಿದಾಗಲೆಲ್ಲ ಅಪಾಯವೆಂದು ಅರ್ಥವಲ್ಲ, ಕಾಲಿಗೆ ಕಟ್ಟಿದ ಕೆಂಪು ದೀಪದ ಪಟ್ಟಿ ಸಡಿಲವಾದರೂ ಅದು ಕೂಗುತ್ತದೆ. ಕಾಮಾಲೆಗೆ ನೀಲಿ ಬೆಳಕಿನಡಿ ಮಲಗಿಸಿದ್ದ ಮೊಮ್ಮಗಳನ್ನು ಕಿಟಕಿಯಿಂದ ಕಂಡ ಹಾಲಕ್ಕಿ ಸಮುದಾಯದ ಅಜ್ಜಿಯೊಬ್ಬರು, ಕಣ್ಣಿಗೆ ಪಟ್ಟಿ ಕಟ್ಟಿದ್ದನ್ನು ನೋಡಿ ಮಗು ಕುರುಡೆಂದು ತಿಳಿದು, ಯಾರನ್ನೂ ಕೇಳಲಾಗದೆ ಎರಡು ದಿನ ಊಟ ಬಿಟ್ಟಿದ್ದರು. ಬೆಳಕು ಕಣ್ಣಿಗೆ ತಾಗದಿರಲೆಂದು ಕಟ್ಟಿದ್ದು ಎಂಬ ಒಂದು ಮಾತು ಸಾಕಾಗಿತ್ತು. ಕೊಂಕಣಿ ಆಡುವವರಿಗೆ ಕೊಂಕಣಿಯಲ್ಲಿಯೇ ಹೇಳಿ. ನಿಮಗೆ ಬಾರದಿದ್ದರೆ ಬರುವವರನ್ನು ಕರೆಯಿರಿ.

ಮಗುವಿನ ಸ್ಥಿತಿ ಒಪ್ಪುವಂತಿದ್ದರೆ ಕಾಂಗರೂ ಆರೈಕೆಯನ್ನು, ಅಂದರೆ ಮಗುವನ್ನು ಬರಿಮೈಯಲ್ಲಿ ಬರಿ ಎದೆಗೆ ತಾಗಿಸಿ ಮಲಗಿಸಿಕೊಳ್ಳುವುದನ್ನು, ನಾಳೆಗೆ ಮುಂದೂಡಬೇಡಿ. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಡಾ. ಎಡ್ಗರ್ ರೇ ಇದನ್ನು ಆರಂಭಿಸಿದ್ದು ಮಗುವನ್ನು ಬೆಚ್ಚಗಿಡುವ ಪೆಟ್ಟಿಗೆಗಳು, ಅಂದರೆ ಇನ್‌ಕ್ಯುಬೇಟರುಗಳು, ಸಾಲದೆ. ಈಗ ಸೌಕರ್ಯ ಇದ್ದಲ್ಲಿಯೂ, ಹುಟ್ಟಿದ ಕೂಡಲೇ ಆರಂಭಿಸಿ ದಿನಕ್ಕೆ 8ರಿಂದ 24 ಗಂಟೆ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ತಾಯಿಗೆ ಆಗದಿದ್ದಾಗ ತಂದೆಯ ಎದೆಯೂ ಆದೀತು, ಅಜ್ಜಿಯ ಎದೆಯೂ ಆದೀತು.

ನಮ್ಮ ಜಿಲ್ಲೆಗೆ ವಿಶೇಷವಾದ ಸಂಕಟ ಇನ್ನೊಂದಿದೆ. ಮಗುವನ್ನು ಹುಬ್ಬಳ್ಳಿಗೋ ಮಣಿಪಾಲಕ್ಕೋ ಕಳಿಸಬೇಕಾದಾಗ ತಂದೆ ಆಂಬುಲೆನ್ಸ್ ಏರುತ್ತಾನೆ, ತಾಯಿ ಇಲ್ಲಿಯೇ ಮಂಚದ ಮೇಲೆ ಉಳಿಯುತ್ತಾಳೆ. ಮಳೆಗಾಲದಲ್ಲಿ ಅರಬೈಲ್ ಘಟ್ಟದ ರಸ್ತೆಯನ್ನು ನೆನೆದೇ ಅವಳ ಜೀವ ಅರ್ಧವಾಗುತ್ತದೆ. ಹೊರಡುವ ಮೊದಲು ಒಂದೇ ಒಂದು ನಿಮಿಷವಾದರೂ ಮಗುವನ್ನು ಅವಳ ಬಳಿಗೆ ಒಯ್ದು ಮುಟ್ಟಿಸಿ, ಅವಳದೇ ಮೊಬೈಲಿನಲ್ಲಿ ಫೋಟೋ ತೆಗೆದುಕೊಡಿ, ತಲುಪಿದ ಸುದ್ದಿಯನ್ನು ನೀವೇ ಫೋನಿನಲ್ಲಿ ಕೇಳಿ ತಿಳಿಸಿ. ಹಾಲು ಹಿಂಡುವುದನ್ನು ಬಿಡಬಾರದೆಂದೂ, ದಿನಕ್ಕೆ ಎಂಟು ಸಲವಾದರೂ ಹಿಂಡಿದರೆ ಮಗು ಸಿಕ್ಕಾಗ ಹಾಲಿರುತ್ತದೆಂದೂ ಹೇಳಿ.

ಮಗು ಉಳಿಯದ ದಿನಗಳೂ ಬರುತ್ತವೆ. ತಾಯಿ ನೋಡಬಾರದೆಂದು ಹಿರಿಯರು ತಡೆಯುವುದುಂಟು. ಅವಳಿಗೆ ಏನು ಬೇಕೆಂದು ಅವಳನ್ನೇ ಮೆಲ್ಲಗೆ ಕೇಳಿ, ಬೇಕೆಂದರೆ ನಳಿಕೆಗಳನ್ನು ತೆಗೆದು, ಮೈ ಒರೆಸಿ, ಬಟ್ಟೆ ಸುತ್ತಿ ಮಡಿಲಿಗೆ ಕೊಡಿ. ಆಗ ನಿಮ್ಮ ಕಣ್ಣಲ್ಲಿ ನೀರು ಬಂದರೆ ಮರೆಮಾಡಬೇಕಾಗಿಲ್ಲ.

ಪ್ರಶ್ನೆ: ನಮ್ಮ ಮಗು 31 ವಾರಕ್ಕೆ ಹುಟ್ಟಿತು. ಮುಂದಿನ ವಾರ ಮನೆಗೆ ಕಳಿಸುತ್ತಾರಂತೆ. ಸಿಸ್ಟರ್‌ಗಳ ಬಳಿ ಏನೇನು ಕೇಳಿಟ್ಟುಕೊಳ್ಳಬೇಕು?
– ಒಬ್ಬ ತಂದೆ, ಶಿರಸಿ ತಾಲೂಕು

ಉತ್ತರ: ಕೇಳುವುದಕ್ಕಿಂತ, ಹಾಲುಣಿಸುವುದನ್ನೂ ಕಾಂಗರೂ ಆರೈಕೆಯನ್ನೂ ಅವರ ಎದುರಿಗೆ ನೀವಿಬ್ಬರೂ ಮಾಡಿ ತೋರಿಸಿ, ತಪ್ಪಿದ್ದರೆ ಅಲ್ಲಿಯೇ ತಿದ್ದುತ್ತಾರೆ. 34 ವಾರಕ್ಕೆ ಮೊದಲು ಹುಟ್ಟಿದ ಮಕ್ಕಳಿಗೆ 30 ದಿನದೊಳಗೆ ಕಣ್ಣಿನ ರೆಟಿನಾ ಪರೀಕ್ಷೆ ಆಗಲೇಬೇಕು, ಅದರ ದಿನಾಂಕ ಬರೆಸಿಕೊಳ್ಳದೆ ಹೊರಡಬೇಡಿ. ಮಗು ಹಾಲು ಬಿಟ್ಟರೆ, ಮೈ ತಣ್ಣಗಾದರೆ, ಉಸಿರು ಜೋರಾದರೆ ಅಥವಾ ನಡುವೆ ನಿಂತರೆ ತಡಮಾಡದೆ ಕರೆತನ್ನಿ. ಬಾಣಂತಿ ಕೋಣೆಯ ಹೊಗೆ ಈ ಪುಟ್ಟ ಶ್ವಾಸಕೋಶಕ್ಕೆ ಆಗದು. ಅದನ್ನು ಸಿಸ್ಟರ್ ಬಾಯಲ್ಲಿಯೇ ನಿಮ್ಮ ತಾಯಿಯವರಿಗೆ ಹೇಳಿಸಿದರೆ ಮನೆಯಲ್ಲಿ ಜಗಳವಾಗುವುದಿಲ್ಲ. ಬೆಳವಣಿಗೆಯನ್ನು ಅಳೆಯುವಾಗ ಒಂಬತ್ತು ವಾರ ಕಳೆದು ನೋಡಿ: ನಿಮ್ಮ ಮಗು ಆರು ತಿಂಗಳಿಗೆ ಮಾಡುವುದನ್ನು ತಿಂಗಳು ತುಂಬಿ ಹುಟ್ಟಿದ ನಾಲ್ಕು ತಿಂಗಳ ಮಗುವಿನೊಡನೆ ಹೋಲಿಸಬೇಕು. ಪಕ್ಕದ ಮನೆಯವರು ‘ಇನ್ನೂ ಮಗುಚಿಕೊಂಡಿಲ್ಲವೇ?’ ಎಂದು ಕೇಳಿದಾಗ ನಿಮ್ಮ ಹೆಂಡತಿಯ ಪರವಾಗಿ ಈ ಲೆಕ್ಕವನ್ನು ನೀವೇ ಹೇಳಿ.