ಬ್ರಿಟನ್ನಿನಲ್ಲಿ ಮೊದಲು ಪಂಕ್ (ವೇಗದ, ಒರಟು ರಾಕ್ ಸಂಗೀತ) ಹಾಡು ಹೊರತಂದ ಬ್ಯಾಂಡ್ ‘ದಿ ಡ್ಯಾಮ್ಡ್’ ಹೆಸರು ಯಾಕೆ ಅಷ್ಟಾಗಿ ಕೇಳಿಬರುವುದಿಲ್ಲ?

ಮುಖ್ಯ ಕಾರಣ, ಹೆಸರು ಮಾಡಬೇಕಾದ ಹೊತ್ತಿಗೇ ಬ್ಯಾಂಡ್ ಒಡೆದುಹೋಯಿತು. ಮತ್ತೆ ಸೇರಿದಾಗ ಅವರ ಸಂಗೀತವೇ ಬೇರೆಯಾಗಿತ್ತು.

ಬ್ರಿಟನ್ನಿನ ಮೊದಲ ಪಂಕ್ ಸಿಂಗಲ್ (ಬಿಡಿ ಹಾಡಿನ ರೆಕಾರ್ಡ್) ಇವರದೇ. ‘ನ್ಯೂ ರೋಸ್’ 1976ರ ಅಕ್ಟೋಬರ್‌ನಲ್ಲಿ ಬಂತು, ಇನ್ನೊಂದು ಪಂಕ್ ಬ್ಯಾಂಡ್ ಸೆಕ್ಸ್ ಪಿಸ್ಟಲ್ಸ್‌ನ ಮೊದಲ ಸಿಂಗಲ್‌ಗಿಂತ ಸುಮಾರು ಒಂದು ತಿಂಗಳು ಮೊದಲು. ರೆಕಾರ್ಡ್ ಆದದ್ದು ಲಂಡನ್ನಿನ ಒಂದು ಪುಟ್ಟ ಸ್ಟುಡಿಯೋದಲ್ಲಿ. ರ‍್ಯಾಟ್ ಸ್ಕೇಬೀಸ್‌ನ ಡ್ರಮ್ ಶುರುವಾದರೆ ಈಗಲೂ ಮೈ ಜುಮ್ಮೆನ್ನುತ್ತದೆ! 1977ರಲ್ಲಿ ಆಲ್ಬಮ್, ಆಮೇಲೆ ಅಮೆರಿಕ ಪ್ರವಾಸ. ಬ್ರಿಟಿಷ್ ಪಂಕ್ ಬ್ಯಾಂಡ್‌ಗಳಲ್ಲಿ ಈ ಎರಡರಲ್ಲೂ ಇವರೇ ಮೊದಲು.

ಆದರೆ ಆಗ ಸುದ್ದಿಯಾಗುತ್ತಿದ್ದುದು ಹಾಡಿಗಿಂತ ಜಾಸ್ತಿ ರಂಪಾಟ. 1976ರ ಡಿಸೆಂಬರ್‌ನಲ್ಲಿ ಪಿಸ್ಟಲ್ಸ್ ಟಿವಿಯಲ್ಲಿ ಬೈದಾಡಿ ಪತ್ರಿಕೆಗಳ ಮುಖಪುಟ ತುಂಬಿದರು. ಮತ್ತೊಂದು ಪಂಕ್ ಬ್ಯಾಂಡ್ ಕ್ಲ್ಯಾಶ್‌ಗೆ ರಾಜಕೀಯದ ಮಾತಿತ್ತು. ಡ್ಯಾಮ್ಡ್‌ಗೆ ಇದ್ದದ್ದು ವೇಗ, ತುಂಟತನ ಮತ್ತು ರಕ್ತಪಿಶಾಚಿಯಂತೆ ವೇಷ ಹಾಕುತ್ತಿದ್ದ ಗಾಯಕ ಡೇವ್ ವೇನಿಯನ್. ವಿಮರ್ಶಕರಿಗೆ ಬರೆಯಲು ಅದು ಸಾಲಲಿಲ್ಲ ಅಂತ ನನಗನ್ನಿಸುತ್ತದೆ.

ಮೊದಲ ಹಾಡುಗಳನ್ನು ಹೆಚ್ಚಾಗಿ ಬರೆದ ಗಿಟಾರ್ ವಾದಕ ಬ್ರಯಾನ್ ಜೇಮ್ಸ್ 1978ರ ಹೊತ್ತಿಗೆ ಹೊರಟುಹೋದ, ಬ್ಯಾಂಡ್ ಒಡೆಯಿತು. ಮತ್ತೆ ಸೇರಿದಾಗ ಬ್ಯಾಂಡಿನ ಕ್ಯಾಪ್ಟನ್ ಸೆನ್ಸಿಬಲ್ ಬೇಸ್ ಗಿಟಾರ್ ಬಿಟ್ಟು ಮುಖ್ಯ ಗಿಟಾರ್ ಹಿಡಿದ. 1979ರ ‘ಮಷಿನ್ ಗನ್ ಎಟಿಕೆಟ್’ ಆಲ್ಬಮ್ ಕೇಳಿ; ನನ್ನ ಪ್ರಕಾರ ಅವರ ಅತ್ಯುತ್ತಮ ಕೆಲಸ ಅದೇ.