ಬಾಡಿಗೆ ಕಮ್ಮಿ ಅಂತ ದೂರ ಹೋಗೋಕೆ ಮುಂಚೆ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಬಾಡಿಗೆ ಮನೆ ಬಗ್ಗೇನೇ. ಎಲ್ಲದಕ್ಕೂ ಇಲ್ಲಿ ಉತ್ತರ ಕೊಡೋಕೆ ಜಾಗ ಸಾಲಲ್ಲ, ಹಾಗಾಗಿ ತುಂಬಾ ಜನಕ್ಕೆ ಉಪಯೋಗ ಆಗೋ ನಾಲ್ಕು ಪ್ರಶ್ನೆ ಆರಿಸ್ಕೊಂಡಿದೀನಿ.

ಪ್ರಶ್ನೆ: ಅಕ್ಕ ನಮಸ್ತೆ. ನಾವು ಗಂಡ ಹೆಂಡತಿ, ಐದು ವರ್ಷದ ಮಗಳು. ಎರಡು ಮನೆ ನೋಡಿದೀವಿ. ಒಂದು ಊರೊಳಗೆ, ಸಿಂಗಲ್ ಬೆಡ್‌ರೂಮು, ಹಳೇ ಬಿಲ್ಡಿಂಗು, ಆದ್ರೆ ಸ್ಕೂಲು, ಅಂಗಡಿ, ಬಸ್ ಸ್ಟಾಪು ಎಲ್ಲಾ ನಡ್ಕೊಂಡು ಹೋಗೋ ದೂರದಲ್ಲೇ ಇದೆ. ಇನ್ನೊಂದು ಊರಾಚೆ, ಡಬಲ್ ಬೆಡ್‌ರೂಮು, ಹೊಸದು, ಬಾಡಿಗೆ ಕಾಲು ಭಾಗ ಕಮ್ಮಿ, ಆದ್ರೆ ಅಲ್ಲಿಗೆ ಹೋದ್ರೆ ಕಾರ್ ತಗೊಳ್ಳಲೇಬೇಕು. ನಮ್ಮ ಮನೆಯವ್ರು ದೊಡ್ಡ ಮನೇನೇ ಅಂತಾರೆ, ನನಗೆ ಯಾಕೋ ಮನಸ್ಸು ಒಪ್ತಿಲ್ಲ. ಏನ್ ಮಾಡ್ಲಿ?

ಉತ್ತರ: ಬಾಡಿಗೆ ಒಂದನ್ನೇ ನೋಡಿದ್ರೆ ದೂರದ ಮನೇನೇ ಅಗ್ಗ ಅನ್ಸೋದು, ಅದರಲ್ಲಿ ನಿಮ್ಮ ಯಜಮಾನ್ರ ತಪ್ಪೇನಿಲ್ಲ. ಆದ್ರೆ ತಿಂಗಳ ಕೊನೆಗೆ ನಿಮ್ಮ ಕೈಯಿಂದ ಹೋಗೋದು ಬಾಡಿಗೆ ಮಾತ್ರ ಅಲ್ವಲ್ಲ. ಇಬ್ಬರೂ ಕೂತ್ಕೊಂಡು ಒಂದು ಪೇಪರಲ್ಲಿ ಎರಡೂ ಮನೆಯ ಲೆಕ್ಕ ಬರೀರಿ. ದೂರದ ಮನೆ ಕೆಳಗೆ ಕಾರಿನ ಸಾಲದ ಕಂತು, ಪೆಟ್ರೋಲು, ಇನ್ಶೂರೆನ್ಸು, ಸರ್ವಿಸು, ಆಫೀಸ್ ಹತ್ರ ಪಾರ್ಕಿಂಗಿಗೆ ಕೊಡೋದು, ಆಮೇಲೆ ಯಾರೂ ಲೆಕ್ಕ ಹಾಕದೇ ಇರೋ ಒಂದು ಐಟಂ, ಅಂದ್ರೆ ಕಾರಿನ ಬೆಲೆ ವರ್ಷ ವರ್ಷ ಇಳಿಯುತ್ತಲ್ಲ ಅದು, ಇಷ್ಟನ್ನೂ ಹನ್ನೆರಡು ತಿಂಗಳಿಗೆ ಹಂಚಿ ಬರೀರಿ. ಹತ್ತಿರದ ಮನೆ ಕೆಳಗೆ ಬಸ್ ಪಾಸು, ಅಪರೂಪಕ್ಕೆ ಮಾಡೋ ಟ್ಯಾಕ್ಸಿ ಖರ್ಚು ಬರೀರಿ. ಎಷ್ಟೋ ಸಲ ಬಾಡಿಗೇಲಿ ಉಳಿದ ಕಾಲು ಭಾಗ ಕಾರಿನ ಕಂತಿಗೇ ಸಾಲಲ್ಲ.

ಸಂಬಳದಲ್ಲಿ 30 ಪರ್ಸೆಂಟಿಗಿಂತ ಜಾಸ್ತಿ ಬಾಡಿಗೆಗೆ ಹೋಗಬಾರದು ಅಂತ ಎಲ್ಲರೂ ಹೇಳ್ತಾರಲ್ಲ, ಆ ಲೆಕ್ಕ ಹುಟ್ಟಿದ್ದೇ ಬೇರೆ ಕಾರಣಕ್ಕೆ. ಅಮೆರಿಕದಲ್ಲಿ ಸರ್ಕಾರಿ ಮನೆಗಳಲ್ಲಿ ಇರೋ ಬಡವರಿಂದ ಆದಾಯದ 25 ಪರ್ಸೆಂಟಿಗಿಂತ ಜಾಸ್ತಿ ಬಾಡಿಗೆ ತಗೋಬಾರದು ಅಂತ 1969ರಲ್ಲಿ ಕಾನೂನು ಬಂತು, 1981ರಲ್ಲಿ ಅದನ್ನ 30ಕ್ಕೆ ಏರಿಸಿದ್ರು, ಅದೇ ನಂಬರ್ ಎಲ್ಲರ ಬಾಯಲ್ಲಿ ನಿಂತುಬಿಡ್ತು. ಓಡಾಟದ ಖರ್ಚು ಅದರಲ್ಲಿ ಎಲ್ಲೂ ಇಲ್ಲ. ಷಿಕಾಗೋದ ಸೆಂಟರ್ ಫಾರ್ ನೇಬರ್‌ಹುಡ್ ಟೆಕ್ನಾಲಜಿ ಅನ್ನೋ ಸಂಸ್ಥೆ ಇನ್ನೊಂದು ಅಳತೆ ಇಟ್ಟಿದೆ, ಮನೆ ಖರ್ಚು ಓಡಾಟದ ಖರ್ಚು ಎರಡೂ ಸೇರಿ ಆದಾಯದ 45 ಪರ್ಸೆಂಟ್ ಒಳಗಿರ್ಬೇಕು ಅಂತ. ನನ್ನ ಪ್ರಕಾರ ಬಾಡಿಗೆ ಮನೆ ಹುಡುಕೋರಿಗೆ ಇದೇ ಸರಿಯಾದ ಲೆಕ್ಕ. ಊರೊಳಗಿನ ಮನೆ ಬಾಡಿಗೆ ಸಂಬಳದಲ್ಲಿ 35 ಪರ್ಸೆಂಟ್ ಆಗಿ ಓಡಾಟಕ್ಕೆ 4 ಪರ್ಸೆಂಟ್ ಹೋದ್ರೂ ನೀವು ಆರಾಮಾಗಿರ್ತೀರಿ, ಬಾಡಿಗೆ 26 ಆಗಿ ಕಾರಿಗೆ 22 ಹೋದ್ರೆ ಒದ್ದಾಡ್ತೀರಿ.

ದುಡ್ಡು ಬಿಟ್ಟು ಇನ್ನೊಂದು ಮಾತು, ನಿಮ್ಮ ಮಗಳದ್ದು. ಊರಾಚೆ ಹೋದ್ರೆ ಅವಳು ದೊಡ್ಡವಳಾಗೋವರೆಗೂ ಸ್ಕೂಲಿಗೆ, ಗೆಳತಿ ಮನೆಗೆ, ಆಟಕ್ಕೆ, ಎಲ್ಲಕ್ಕೂ ಯಾರಾದ್ರೂ ಡ್ರೈವ್ ಮಾಡ್ಕೊಂಡೇ ಬಿಡ್ಬೇಕು. ನಡೆಯೋ ಏರಿಯಾದಲ್ಲಿ ಬೆಳೆದ ಮಕ್ಕಳು ಹತ್ತು ಹನ್ನೊಂದು ವರ್ಷಕ್ಕೆಲ್ಲಾ ತಾವಾಗೇ ಅಂಗಡಿಗೆ ಹೋಗಿ ಬರ್ತಾರೆ, ಲೈಬ್ರರಿಗೆ ಹೋಗ್ತಾರೆ, ಆ ಧೈರ್ಯ ಆಮೇಲೆ ದುಡ್ಡು ಕೊಟ್ರೂ ಬರಲ್ಲ ಅಂತ ನನಗೆ ಗಟ್ಟಿಯಾಗಿ ಅನ್ಸುತ್ತೆ. ಒಂದೇ ಬೆಡ್‌ರೂಮು ಮೂರು ಜನಕ್ಕೆ ಇಕ್ಕಟ್ಟಾಗೋದು ನಿಜ, ಅದನ್ನ ಮುಚ್ಚಿಡಲ್ಲ. ಮಂಚದ ಕೆಳಗೆ ಡ್ರಾಯರ್ ಮಾಡಿಸಿ, ಬಾಗಿಲ ಮೇಲಿನ ಗೋಡೇನ ಖಾಲಿ ಬಿಡ್ಬೇಡಿ, ಹಾಲಲ್ಲಿ ದೊಡ್ಡ ಸೋಫಾ ಇಡೋ ಆಸೆ ಬಿಡಿ. ಮಗಳು ದೊಡ್ಡವಳಾದ್ಮೇಲೆ ಅದೇ ಏರಿಯಾದಲ್ಲಿ ಇನ್ನೊಂದು ಮನೆ ಹುಡುಕ್ಬೋದು, ಅಷ್ಟು ಹೊತ್ತಿಗೆ ಬೀದೀಲಿ ನಾಲ್ಕು ಜನ ಪರಿಚಯ ಆಗಿರ್ತಾರೆ, ಒಳ್ಳೇ ಬಾಡಿಗೆ ಮನೆಗಳು ಬೋರ್ಡ್ ಹಾಕೋಕೆ ಮುಂಚೆ ಬಾಯಿ ಮಾತಲ್ಲೇ ಹೋಗಿಬಿಡೋದು. ಹಾಂ, ನಿಮ್ಮಿಬ್ಬರ ಕೆಲಸಾನೂ ಊರಾಚೆ ಇರೋ ಕಡೇನೇ ಇದ್ರೆ ಈ ಲೆಕ್ಕ ಪೂರ್ತಿ ತಿರುಗುತ್ತೆ, ಆಗ ದೂರದ ಮನೆ ಅನ್ನೋದೇ ಹತ್ತಿರದ ಮನೆ.

ಪ್ರಶ್ನೆ: ಆನ್‌ಲೈನ್ ಲಿಸ್ಟಿಂಗಲ್ಲೆಲ್ಲಾ ವಾಕಿಂಗ್ ಡಿಸ್ಟೆನ್ಸ್ ಅಂತ ಹಾಕಿರ್ತಾರೆ, ಹೋಗಿ ನೋಡಿದ್ರೆ ನಡೆಯೋಕೇ ಆಗಲ್ಲ. ಒಂದು ಏರಿಯಾ ನಿಜವಾಗ್ಲೂ ನಡೆಯೋಕೆ ಚೆನ್ನಾಗಿದ್ಯಾ ಅಂತ ಮುಂಚೇನೇ ಗೊತ್ತಾಗೋದು ಹೇಗೆ?

ಉತ್ತರ: ಕಾಲಲ್ಲೇ ನೋಡ್ಬೇಕು, ಬೇರೆ ದಾರಿ ಇಲ್ಲ. ಸಾಮಾನ್ಯ ನಡಿಗೇಲಿ ಐದು ನಿಮಿಷಕ್ಕೆ ಸುಮಾರು 400 ಮೀಟರ್ ಹೋಗ್ತೀವಿ, ನಗರ ಯೋಜನೆ ಮಾಡೋರು ನೂರು ವರ್ಷದಿಂದ ಹತ್ರಹತ್ರ ಇದೇ ಅಳತೆ ಇಟ್ಕೊಂಡಿದಾರೆ. 2007ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಶುರುವಾದ ವಾಕ್ ಸ್ಕೋರ್ ಕೂಡ ಹೀಗೇ, ಐದು ನಿಮಿಷದ ನಡಿಗೆ ಒಳಗೆ ಅಂಗಡಿ, ಸ್ಕೂಲು, ಪಾರ್ಕು ಇದ್ರೆ ಪೂರ್ತಿ ಮಾರ್ಕು, ಮೂವತ್ತು ನಿಮಿಷ ದಾಟಿದ್ರೆ ಸೊನ್ನೆ, ಒಟ್ಟು ನೂರಕ್ಕೆ ಇಷ್ಟು ಅಂತ ಕೊಡ್ತಾರೆ. ಮೊದಲ ಜರಡಿಗೆ ಒಳ್ಳೇದೇ. ಆದ್ರೆ ಫುಟ್‌ಪಾತ್ ಒಡೆದಿದ್ಯಾ, ಬೀದಿ ದೀಪ ಉರಿಯುತ್ತಾ ಅನ್ನೋದು ಆ ನಂಬರಿಗೆ ಕಾಣಲ್ಲ.

ಹಾಗಾಗಿ ಅಡ್ವಾನ್ಸ್ ಕೊಡೋಕೆ ಮುಂಚೆ ಎರಡು ಸಲ ಹೋಗಿ, ಬೆಳಗ್ಗೆ ಆಫೀಸ್ ಹೊತ್ತಲ್ಲಿ ಒಂದ್ಸಲ, ಕತ್ತಲಾದ್ಮೇಲೆ ಒಂದ್ಸಲ. ಮನೆ ಬಾಗಿಲಿಂದ ಬಸ್ ಸ್ಟಾಪಿಗೆ ನಿಮ್ಮ ಮಾಮೂಲಿ ಬ್ಯಾಗ್ ಹಾಕ್ಕೊಂಡು ನಡೀರಿ. ನೋಡಬೇಕಾದ್ದು ತುಂಬಾ ಸಣ್ಣ ಸಣ್ಣ ವಿಷಯ. ಫುಟ್‌ಪಾತು ಮೂಲೇಲಿ ರಸ್ತೆಗೆ ಇಳಿಜಾರಾಗಿ ಇಳಿಯುತ್ತಾ ಅಥವಾ ಒಂದಡಿ ಎತ್ತರದಿಂದ ಧುಮುಕಬೇಕಾ? ಮಧ್ಯದಲ್ಲಿ ಕಂಬ, ನಿಲ್ಸಿರೋ ಬೈಕು ಬಂದು ನೀವು ಎಷ್ಟು ಸಲ ರಸ್ತೆಗಿಳಿದ್ರಿ? ಇಬ್ಬರು ಪಕ್ಕಪಕ್ಕ ಮಾತಾಡ್ಕೊಂಡು ಹೋಗೋಷ್ಟು ಅಗಲ ಇದ್ಯಾ? ಅಂಗಡಿ ಮ್ಯಾಪಲ್ಲಿ 300 ಮೀಟರ್ ತೋರಿಸ್ತಿದ್ದು ನಡುವೆ ಆರು ಲೇನಿನ ರಸ್ತೆ ಇದ್ದು, ಸಿಗ್ನಲ್ ಇರೋದು ಅರ್ಧ ಕಿಲೋಮೀಟರ್ ಆಚೆ ಅಂದ್ರೆ ಆ ಅಂಗಡಿ ನಿಮಗೆ ಹತ್ತಿರ ಇಲ್ಲ, ಅಷ್ಟೇ.

ರಸ್ತೇಲಿ ಎಷ್ಟು ಗಾಡಿ ಓಡುತ್ತೆ ಅನ್ನೋದನ್ನಂತೂ ಬಿಡ್ಲೇಬೇಡಿ. 1960ರ ದಶಕದ ಕೊನೇಲಿ ಡೊನಾಲ್ಡ್ ಆಪಲ್‌ಯಾರ್ಡ್ ಅನ್ನೋ ಪ್ರೊಫೆಸರ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೋಡೋಕೆ ಒಂದೇ ಥರ ಇದ್ದ ಮೂರು ಬೀದಿ ತಗೊಂಡು ಅಧ್ಯಯನ ಮಾಡಿದ್ರು, ಒಂದ್ರಲ್ಲಿ ದಿನಕ್ಕೆ ಸುಮಾರು 2,000 ಗಾಡಿ, ಇನ್ನೊಂದ್ರಲ್ಲಿ 8,000, ಮತ್ತೊಂದ್ರಲ್ಲಿ 16,000. ಗಾಡಿ ಕಮ್ಮಿ ಇದ್ದ ಬೀದೀಲಿ ಒಬ್ಬೊಬ್ಬರಿಗೆ ಅದೇ ಬೀದೀಲಿ ಸರಾಸರಿ ಮೂರು ಜನ ಸ್ನೇಹಿತರಿದ್ರು, ಗಾಡಿ ಜಾಸ್ತಿ ಇದ್ದ ಬೀದೀಲಿ ಒಬ್ಬರೂ ಪೂರ್ತಿ ಇರ್ಲಿಲ್ಲ, ಸರಾಸರಿ 0.9. ಅದಕ್ಕೇ ಹೇಳೋದು, ಮೇನ್ ರೋಡಿಗೆ ಎರಡು ಬೀದಿ ಒಳಗಿರೋ ಮನೆ ಸಿಕ್ಕಿದ್ರೆ ಮೇನ್ ರೋಡ್ ಮೇಲಿನ ಮನೆಗಿಂತ ಅದನ್ನೇ ಹಿಡೀರಿ, ಬಸ್ಸಿಗೆ ಎರಡು ನಿಮಿಷ ಜಾಸ್ತಿ ನಡೆದ್ರೂ ಪರವಾಗಿಲ್ಲ. ರಾತ್ರಿ ಮನೆ ಒಳಗೆ ಕಿಟಕಿ ಹಾಕಿ, ಫ್ಯಾನ್ ಆರಿಸಿ, ಎರಡು ನಿಮಿಷ ಸುಮ್ನೆ ನಿಂತು ಕೇಳಿಸ್ಕೊಳ್ಳಿ, ಬೆಡ್‌ರೂಮಲ್ಲಿ ಹಾರ್ನ್ ಸದ್ದು ಸ್ಪಷ್ಟವಾಗಿ ಕೇಳಿಸ್ತು ಅಂದ್ರೆ ಅದು ದಿನಾ ಇರೋದೇ.

ಪ್ರಶ್ನೆ: ಸರ್/ಮೇಡಂ, ನಡೆಯೋಕೆ ಚೆನ್ನಾಗಿರೋ ಏರಿಯಾ ಎಲ್ಲಾ ದುಬಾರಿ, ಕೈಗೆಟುಕೋ ಏರಿಯಾದಲ್ಲೆಲ್ಲಾ ನಡೆಯೋಕಾಗಲ್ಲ. ಇಷ್ಟೊಂದು ಜನಕ್ಕೆ ಬೇಕು ಅಂದ್ಮೇಲೆ ಅಂಥ ಏರಿಯಾನೇ ಜಾಸ್ತಿ ಯಾಕೆ ಕಟ್ಟಲ್ಲ?

ಉತ್ತರ: ಎಷ್ಟೋ ನಗರಗಳಲ್ಲಿ ಕಾನೂನೇ ಬಿಡ್ತಿರ್ಲಿಲ್ಲ, ಈಗ್ಲೂ ತುಂಬಾ ಕಡೆ ಬಿಡಲ್ಲ. 1926ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಯೂಕ್ಲಿಡ್ ಅನ್ನೋ ಪುಟ್ಟ ಊರಿನ ಕೇಸಲ್ಲಿ, ಮನೆಗಳಿರೋ ಜಾಗ ಬೇರೆ, ವ್ಯಾಪಾರದ ಜಾಗ ಬೇರೆ, ಅಪಾರ್ಟ್‌ಮೆಂಟ್ ಜಾಗ ಬೇರೆ ಅಂತ ಗೆರೆ ಎಳೆಯೋ ಹಕ್ಕು ಊರಿಗಿದೆ ಅಂತ ಹೇಳ್ತು. ಆಮೇಲೆ ಆ ಪದ್ಧತಿ ಅಲ್ಲಿ ಎಲ್ಲಾ ಕಡೆ ಹಬ್ಬಿತು. ಮನೆ ಕೆಳಗೆ ಅಂಗಡಿ ಇರಬಾರದು ಅಂದ್ಮೇಲೆ ಅಂಗಡಿಗೆ ನಡ್ಕೊಂಡು ಹೋಗೋದು ಎಲ್ಲಿಂದ ಬರ್ಬೇಕು?

ಇನ್ನೊಂದು ಪಾರ್ಕಿಂಗ್ ನಿಯಮ. ಮನೆ ಕಟ್ಟೋರು ಇಷ್ಟು ಕಾರಿಗೆ ಜಾಗ ಬಿಡ್ಲೇಬೇಕು ಅನ್ನೋ ರೂಲು. ಒಂದು ಕಾರು ನಿಲ್ಲೋಕೆ, ತಿರುಗಿಸೋ ಜಾಗಾನೂ ಸೇರಿ, ಸುಮಾರು 300 ಚದರಡಿ ಬೇಕು, ಎರಡು ಕಾರಿನ ಜಾಗದಲ್ಲಿ ಒಂದು ಚಿಕ್ಕ ಸಂಸಾರದ ಮನೆ ಎದ್ದು ನಿಲ್ಲುತ್ತೆ. ಆ ಖರ್ಚು ಕಾರಿಲ್ಲದೇ ಇರೋ ಬಾಡಿಗೆದಾರರ ತಲೆ ಮೇಲೂ ಬರುತ್ತೆ, ಅದು ನನಗೆ ಅನ್ಯಾಯ ಅನ್ಸುತ್ತೆ. ಕ್ಯಾಲಿಫೋರ್ನಿಯಾದ ಪ್ರೊಫೆಸರ್ ಡೊನಾಲ್ಡ್ ಶೂಪ್ ವರ್ಷಗಟ್ಟಲೆ ಇದನ್ನೇ ಲೆಕ್ಕ ಸಮೇತ ಹೇಳ್ತಾ ಬಂದ್ರು, 2017ರಲ್ಲಿ ಬಫಲೋ ನಗರ ಈ ರೂಲನ್ನ ಊರಿಡೀ ತೆಗೆದುಹಾಕ್ತು, 2021ರಲ್ಲಿ ಮಿನಿಯಾಪೊಲಿಸ್ ತೆಗೀತು, ಇನ್ನೂ ಎಷ್ಟೋ ಊರು ಆಮೇಲೆ ಹಿಂಬಾಲಿಸಿದ್ವು.

ನಡೆಯೋ ಏರಿಯಾ, ಕೈಗೆಟುಕೋ ಬಾಡಿಗೆ ಎರಡೂ ಒಟ್ಟಿಗೆ ಸಿಗೋದೇ ಇಲ್ಲ ಅಂತ ಮಾತ್ರ ಅಂದ್ಕೋಬೇಡಿ, ಆಸ್ಟ್ರಿಯಾದ ವಿಯೆನ್ನಾ ಇದೆಯಲ್ಲ. 1920ರ ದಶಕದಲ್ಲಿ ಅಲ್ಲಿನ ನಗರಾಡಳಿತ ತಾನೇ ಮನೆ ಕಟ್ಟೋಕೆ ಶುರು ಮಾಡಿ ಹತ್ತು ಹನ್ನೊಂದು ವರ್ಷದಲ್ಲಿ 60,000ಕ್ಕೂ ಜಾಸ್ತಿ ಮನೆ ಕಟ್ಟಿಸ್ತು. 1930ರಲ್ಲಿ ಮುಗಿದ ಕಾರ್ಲ್ ಮಾರ್ಕ್ಸ್ ಹೋಫ್ ಅನ್ನೋ ಒಂದೇ ಕಟ್ಟಡ ಒಂದು ಕಿಲೋಮೀಟರಿಗಿಂತ ಉದ್ದ, 1,300ಕ್ಕೂ ಹೆಚ್ಚು ಮನೆ, ಜೊತೆಗೆ ಬಟ್ಟೆ ಒಗೆಯೋ ಜಾಗ, ಶಿಶುವಿಹಾರ, ಲೈಬ್ರರಿ, ಡಾಕ್ಟರು ಎಲ್ಲಾ ಅಲ್ಲೇ. ಇವತ್ತಿಗೂ ವಿಯೆನ್ನಾದ ಅರ್ಧದಷ್ಟು ಜನ ಇರೋದು ನಗರದ ಅಥವಾ ಸಹಾಯಧನದ ಮನೆಗಳಲ್ಲಿ. ಬರೀ ಬಾಡಿಗೆಗೆ ಬೇಲಿ ಹಾಕಿದ್ರೆ ಸಾಕಾಗಲ್ಲ, ಬರ್ಲಿನ್ 2020ರಲ್ಲಿ ಬಾಡಿಗೇನ ಕಟ್ಟಿಹಾಕೋ ಕಾನೂನು ತಂತು, 2021ರ ಏಪ್ರಿಲಲ್ಲಿ ಜರ್ಮನಿಯ ಸಂವಿಧಾನ ಕೋರ್ಟು ಇದು ನಿಮ್ಮ ಅಧಿಕಾರದ ವಿಷಯ ಅಲ್ಲ ಅಂತ ರದ್ದು ಮಾಡ್ತು, ಅಷ್ಟು ದಿನ ಕಮ್ಮಿ ಬಾಡಿಗೆ ಕೊಟ್ಟಿದ್ದೋರು ಬಾಕಿ ಕಟ್ಟೋ ಪರಿಸ್ಥಿತಿ ಬಂತು. ಮನೆಗಳೂ ಹೆಚ್ಚಬೇಕು, ಇರೋ ಬಾಡಿಗೆದಾರರಿಗೆ ರಕ್ಷಣೇನೂ ಬೇಕು, ಎರಡರಲ್ಲಿ ಒಂದು ಸಾಕು ಅನ್ನೋರ ಮಾತು ನಾನು ಒಪ್ಪಲ್ಲ. ನಿಮ್ಮ ವಾರ್ಡಲ್ಲಿ ಪಾರ್ಕಿಂಗ್ ಬಗ್ಗೆ, ಹೊಸ ಅಪಾರ್ಟ್‌ಮೆಂಟ್ ಬಗ್ಗೆ ಸಭೆ ಕರೆದ್ರೆ ಬಾಡಿಗೇಲಿರೋರೂ ಹೋಗಿ, ಅಂಥ ಕಡೆ ಸಾಮಾನ್ಯವಾಗಿ ಸ್ವಂತ ಮನೆಯೋರ ಮಾತೇ ಕೇಳ್ಸೋದು.

ಪ್ರಶ್ನೆ: ಅಮ್ಮನಿಗೆ 74 ವರ್ಷ, ಮಂಡಿ ನೋವು, ಕೋಲು ಹಿಡಿದು ನಡೀತಾರೆ. ಮುಂದಿನ ತಿಂಗಳಿಂದ ನನ್ನ ಜೊತೇಲೇ ಇರ್ತಾರೆ. ಕಮ್ಮಿ ಬಾಡಿಗೆಗೆ ಎರಡನೇ ಫ್ಲೋರಲ್ಲಿ ಒಂದು ಮನೆ ಸಿಕ್ಕಿದೆ, ಲಿಫ್ಟ್ ಇಲ್ಲ, ಆದ್ರೆ ಏರಿಯಾ ತುಂಬಾ ಚೆನ್ನಾಗಿದೆ, ಎಲ್ಲಾ ಹತ್ರ. ಓನರ್ ಬೇಗ ಹೇಳಿ ಅಂತ ಅವಸರ ಮಾಡ್ತಿದಾರೆ. ತಗೊಳ್ಲಾ?

ಉತ್ತರ: ಎರಡನೇ ಫ್ಲೋರು, ಲಿಫ್ಟ್ ಇಲ್ಲ, ಮಂಡಿ ನೋವು. ಏರಿಯಾ ಎಷ್ಟೇ ಚೆನ್ನಾಗಿದ್ರೂ ಅಮ್ಮ ಕೆಳಗಿಳಿಯೋದೇ ನಿಲ್ಸಿಬಿಡ್ತಾರೆ. ಅದೇ ಏರಿಯಾದಲ್ಲಿ ಗ್ರೌಂಡ್ ಫ್ಲೋರ್ ಹುಡುಕಿ, ಒಂದು ರೂಮ್ ಚಿಕ್ಕದಾದ್ರೂ ಸರಿ. ಕೆಳಗಿನ ಮನೆಗಳಿಗೆ ಗಾಳಿ ಬೆಳಕು ಕಮ್ಮಿ ಅಂತ ಬಾಡಿಗೇಲಿ ಸ್ವಲ್ಪ ಚೌಕಾಸಿ ಮಾಡೋಕೂ ಅವಕಾಶ ಇರುತ್ತೆ, ಆದ್ರೆ ಗೋಡೆ ಕೆಳಗೆ ತೇವ ಇದ್ಯಾ ಅಂತ ಕೈಯಿಟ್ಟು ಮುಟ್ಟಿ ನೋಡಿ, ಬೀರು ಸರಿಸಿ ಅದರ ಹಿಂದೇನೂ ನೋಡಿ.

ವಯಸ್ಸಾದೋರಿಗೆ ನಡೆಯೋ ಏರಿಯಾ ಅಂದ್ರೆ ದೂರ ಮಾತ್ರ ಅಲ್ಲ, ಕೂರೋಕೆ ಬೆಂಚು, ನೆರಳು, ಸಾರ್ವಜನಿಕ ಟಾಯ್ಲೆಟ್ಟು, ಆಮೇಲೆ ರಸ್ತೆ ದಾಟೋಕೆ ಸಿಗೋ ಸಮಯ. ಅಮೆರಿಕದ ಟ್ರಾಫಿಕ್ ಸಿಗ್ನಲ್ ನಿಯಮದಲ್ಲಿ ಜನ ಸೆಕೆಂಡಿಗೆ 4 ಅಡಿ ನಡೀತಾರೆ ಅಂತ ಲೆಕ್ಕ ಹಾಕ್ತಿದ್ರು, ವಯಸ್ಸಾದೋರಿಗೆ ಅದು ಆಗಲ್ಲ ಅಂತ 2009ರಲ್ಲಿ 3.5 ಅಡಿಗೆ ಇಳಿಸಿದ್ರು, ಕೋಲು ಹಿಡಿದೋರು ಅದಕ್ಕಿಂತಲೂ ನಿಧಾನ.

ಅಗ್ರಿಮೆಂಟ್ ವಿಷಯ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ, ಯಾಕಂದ್ರೆ ಅಮ್ಮನಂಥೋರಿಗೆ ಪದೇ ಪದೇ ಮನೆ ಬದಲಾಯಿಸೋದು ತುಂಬಾ ಕಷ್ಟ. ಬಾಡಿಗೆ ಯಾವಾಗ, ಎಷ್ಟು ಪರ್ಸೆಂಟ್ ಏರುತ್ತೆ, ಮನೆ ಬಿಡ್ಸೋಕೆ ಎಷ್ಟು ತಿಂಗಳ ನೋಟಿಸ್, ನಲ್ಲಿ ಮೋಟರ್ ಕೆಟ್ರೆ ಯಾರ ಖರ್ಚು, ಅಡ್ವಾನ್ಸಲ್ಲಿ ಏನಕ್ಕೆ ಹಿಡ್ಕೋಬೋದು, ಇಷ್ಟೂ ಬರವಣಿಗೇಲಿ ಇರ್ಲಿ. ಸಾಮಾನು ಇಳಿಸೋಕೆ ಮುಂಚೆ ಪ್ರತಿ ರೂಮಿನ ಫೋಟೋ ತೆಗೆದು ಅವತ್ತೇ ಓನರಿಗೆ ಕಳ್ಸಿ. ಮೂರು ವರ್ಷ ಇರ್ತೀವಿ ಅಂತ ನೀವೇ ಮುಂದಾಗಿ ಹೇಳಿದ್ರೆ ಎಷ್ಟೋ ಓನರ್‌ಗಳು ಬಾಡಿಗೆ ಏರಿಕೇಲಿ ಬಗ್ತಾರೆ, ಮನೆ ಖಾಲಿ ಬಿದ್ದಿರೋ ತಿಂಗಳು ಅವರಿಗೂ ನಷ್ಟಾನೇ. ಇವತ್ತೇ ಹೇಳಿ ಅಂತ ಅವಸರ ಮಾಡೋರಿಗೆ ಎರಡು ದಿನ ಟೈಮ್ ಬೇಕು ಅನ್ನಿ. ಆ ಎರಡು ದಿನದಲ್ಲಿ ಅಮ್ಮನ್ನ ಕರ್ಕೊಂಡು ಹೋಗಿ ಮನೆ ಬಾಗಿಲಿಂದ ಡಾಕ್ಟರ್ ಹತ್ರಕ್ಕೆ, ಅಲ್ಲಿಂದ ಪಾರ್ಕಿಗೆ ಅವರ ವೇಗದಲ್ಲೇ ನಡೆಸಿ, ಮೆಟ್ಟಿಲೂ ಹತ್ತಿಸಿ ಇಳಿಸಿ ನೋಡಿ, ಅವರು ಬೇಡ ಅಂದ್ರೆ ಆ ಮನೆ ಬಿಟ್ಬಿಡಿ.